ನಲವತ್ತು ಡಿಗ್ರಿ ವೈರಾಗ್ಯ

ಮೇ ತಿಂಗಳ ಒಂದು ಮಧ್ಯಾಹ್ನ, ಕಾಶಿಯ ನಾಯಿಗಳೆಲ್ಲ ಗಂಗೆಗಿಳಿದು ಮೂತಿ ಮಾತ್ರ ಹೊರಗಿಟ್ಟುಕೊಂಡು ಕೂತಿದ್ದ ಹೊತ್ತಿನಲ್ಲಿ, ಲೋಹಶಾಸ್ತ್ರದ ಪ್ರಾಧ್ಯಾಪಕ ಚಿದಾನಂದರು ಗೋದೌಲಿಯಾದ ಅಂಗಡಿಯೊಂದರ ಮುಂದೆ ನಿಂತು ಉಲನ್ ದಾರ ಕೇಳಿದರು. ಅಂಗಡಿಯ ಮನೋಜ್ ಮೊದಲು ಅವರ ಮುಖ ನೋಡಿದ. ಆಮೇಲೆ, ಇವರನ್ನು ಕರೆದುಕೊಂಡು ಹೋಗಲು ಮನೆಯವರು ಯಾರಾದರೂ ಹಿಂದೆ ಬಂದಿದ್ದಾರೆಯೇ ಎಂದು ಬೀದಿಯ ಕಡೆ ನೋಡಿದ. ಯಾರೂ ಇರಲಿಲ್ಲ. ಮಡಕೆಯಿಂದ ಒಂದು ಲೋಟ ತಣ್ಣೀರು ತೆಗೆದು ಕುಡಿಸಿದ.

“ಅಬ್ ಬೋಲಿಯೇ ಗುರು, ಕ್ಯಾ ಚಾಹಿಯೇ?”

“ಊನ್,” ಎಂದರು ಚಿದಾನಂದರು ಬಾಯಿ ಒರೆಸಿಕೊಂಡು. “ಕಂಬಲ್ ಬನಾನಾ ಹೈ.”

ಮನೋಜ್ ಇನ್ನೊಂದು ಲೋಟ ನೀರು ಕೊಟ್ಟ.

ಬಿಸಿಲು ತಲೆಗೇರಿ ಅವರು ಹೀಗೆ ಬಂದದ್ದಲ್ಲ. ತಲೆಗೇರಿದ್ದು ಹೆಂಡತಿಯ ನಗು.

ಚಿದಾನಂದರೂ ಅವರ ಹೆಂಡತಿ ವಸುಮತಿಯವರೂ ಧಾರವಾಡದವರು. ಇಬ್ಬರಿಗೂ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ, ಹನುಮಾನ್ ಘಾಟಿನ ಗಲ್ಲಿಯ ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ ಸಂಸಾರ ಹೂಡಿ ಎಷ್ಟೋ ವರ್ಷವಾಗಿತ್ತು. ಮಗಳು ಅಕ್ಷರಾ ಪುಣೆಯ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಆ ವರ್ಷ ಏಪ್ರಿಲ್‌ನಲ್ಲಿ ವಸುಮತಿಯವರು ಹಿಮಾಲಯದ ಗಿಡಮೂಲಿಕೆಗಳ ಅಧ್ಯಯನಕ್ಕೆಂದು ಮುನ್ಸಿಯಾರಿಯ ಹತ್ತಿರದ ಒಂದು ಹಳ್ಳಿಗೆ ಹೋದರು. ಮಳೆಗಾಲ ಮುಗಿಯುವವರೆಗೆ ಅಲ್ಲೇ ಬಿಡಾರ. ಶಾಮಾ ದೀದಿ ಎಂಬ ಪಹಾಡಿ ಹೆಂಗಸಿನ ಮನೆಯಲ್ಲಿ ಒಂದು ಕೋಣೆ. ಒಂದು ದಿನ ವಿಡಿಯೋ ಕರೆಯಲ್ಲಿ ಆ ಶಾಮಾ ದೀದಿಯ ಕಂಬಳಿಯನ್ನು ಗಂಡನಿಗೆ ತೋರಿಸಿದ್ದೇ ಈ ಎಲ್ಲ ಅನಾಹುತಕ್ಕೆ ಮೂಲ.

“ನೋಡ್ರಿ, ಇವ್ರು ದಿನಾ ಒಂದು ಸಾಲು ಕ್ರೋಶಾ ಹಾಕ್ತಾರ. ಹಿಮ ಬಿದ್ದ ದಿನ ಬಿಳೇ ಸಾಲು, ಮಂಜು ಮುಸುಕಿದ್ರ ಬೂದಿ ಬಣ್ಣ, ಬಿಸಲು ಬಿದ್ರ ಹಳದಿ. ಬುರಾಂಸ್ ಹೂ ಅರಳಿದ ದಿನ ನಡುವ ಒಂದು ಕೆಂಪು ಗಂಟು. ದನಾ ಮ್ಯಾಲಿನ ಹುಲ್ಲುಗಾವಲಿಗೆ ಹೋದ ದಿನ ಹಸರು. ವರ್ಷ ಮುಗದಾಗ ಇಡೀ ಬೆಟ್ಟದ ವರ್ಷಾನ ಹೊದ್ಕೊಂಡು ಮಲಗ್ತಾರ. ಎಂಥಾ ತಾಳ್ಮಿ ಅಂತೀನಿ!”

ಹೆಂಡತಿ ಇನ್ನೊಬ್ಬರ ತಾಳ್ಮೆಯನ್ನು ಹೊಗಳಿದರೆ ಅದು ತಮಗೆ ಎಸೆದ ಸವಾಲು ಎಂದು ತಿಳಿಯುವ ಗಂಡಸರ ಪೈಕಿ ಚಿದಾನಂದರೂ ಒಬ್ಬರು. “ಇದೇನ್ ಮಹಾ? ಮನಸ್ಸು ಮಾಡಿದ್ರ ನಾನೂ ಮಾಡ್ತೀನಿ,” ಎಂದುಬಿಟ್ಟರು.

ವಸುಮತಿಯವರು ನಕ್ಕರು. ಆ ಬೆಟ್ಟದಲ್ಲಿ ನೆಟ್‌ವರ್ಕು ಯಾವಾಗಲೂ ಕೈಕೊಡುತ್ತಿತ್ತು. ‘ಊಟ ಆತು’ ಎನ್ನುವಷ್ಟರಲ್ಲಿ ಕರೆ ಕಡಿಯುತ್ತಿತ್ತು. ಆದರೆ ಅದೇನು ಗ್ರಹಚಾರವೋ, ಆವತ್ತಿನ ನಗು ಮಾತ್ರ ಒಂದು ಚೂರೂ ತುಂಡಾಗದೆ ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದಿನಿಂದ ಶಾಮಾ ದೀದಿಯೂ ನಕ್ಕದ್ದು ಕೇಳಿಸಿತು.

ಚಿದಾನಂದರು ಅಂದೇ ಶಪಥ ಮಾಡಿದರು. ಕಂಬಳಿ ಹೆಣೆಯಬೇಕು, ಹೆಂಡತಿಗೆ ಸುಳಿವೂ ಕೊಡಬಾರದು, ಅವರು ಬೆಟ್ಟ ಇಳಿದು ಬಂದ ದಿನ ತೆಗೆದು ಹಾಸಿಬಿಡಬೇಕು. ವಿಜ್ಞಾನಿಯಾದ್ದರಿಂದ ಯೋಜನೆಯನ್ನೂ ದೊಡ್ಡದಾಗಿಯೇ ಹಾಕಿದರು. ಕಂಬಳಿಗೆ ಎರಡು ಪಟ್ಟಿ. ಒಂದು ಕಾಶಿಯದು, ಒಂದು ಬೆಟ್ಟದ್ದು. ದಿನಾ ಎರಡಕ್ಕೂ ಒಂದೊಂದು ಸಾಲು, ಆ ದಿನದ ಉಷ್ಣತೆಯ ಬಣ್ಣದಲ್ಲಿ. ಕೊನೆಗೆ ಎರಡನ್ನೂ ನಡುವೆ ಜೋಡಿಸುವುದು. ಬೆಟ್ಟದ ಮಂಜು, ಹೂ, ದನಗಳಿಗೆ ಮಾತ್ರ ಶಾಮಾ ದೀದಿಯ ಬಣ್ಣಗಳೇ. ಹತ್ತು ಡಿಗ್ರಿಯವರೆಗೆ ಕಡುನೀಲಿ, ಆಮೇಲೆ ತಿಳಿನೀಲಿ, ಹಸಿರು, ಹಳದಿ. ಮೂವತ್ತೈದು ದಾಟಿದರೆ ಕಿತ್ತಳೆ, ನಲವತ್ತು ದಾಟಿದರೆ ಕೆಂಪು.

“ಲಾಲ್ ಖತಮ್,” ಎಂದ ಮನೋಜ್. ಮದುವೆ ಸೀಜನ್ನಿನಲ್ಲಿ ಕೆಂಪೆಲ್ಲ ಮಾರಿಹೋಗಿತ್ತು. “ಗೇರುಆ ಲೇ ಜಾಇಯೇ. ಕಾಶೀ ಮೇ ಗೇರುಆ ಕಭೀ ಖತಮ್ ನಹೀಂ ಹೋತಾ.”

ಕೆಂಪಾದರೇನು, ಕಾವಿಯಾದರೇನು, ಎಲ್ಲ ಬಿಸಿಲೇ ಅಲ್ಲವೇ ಎಂದುಕೊಂಡು ಚಿದಾನಂದರು ಒಂದು ಚೀಲದ ತುಂಬ ಕಾವಿ ದಾರ ತಂದರು. ಉಳಿದ ಬಣ್ಣಗಳನ್ನೂ ತಂದರೆನ್ನಿ. ಆದರೆ ಕಾಶಿಯ ಸೂರ್ಯನಿಗೆ ಉಳಿದ ಬಣ್ಣಗಳ ಪರಿಚಯವೇ ಇರಲಿಲ್ಲ.

ಮೊದಲ ವಾರ ಯೂಟ್ಯೂಬಿನ ಒಬ್ಬ ಹೆಣ್ಣುಮಗಳ ಮುಂದೆ ಕುಳಿತು ಕಡ್ಡಿ ಹಿಡಿಯುವುದನ್ನು ಕಲಿತರು. ಕಬ್ಬಿಣ ಎಷ್ಟು ಡಿಗ್ರಿಗೆ ಕರಗುತ್ತದೆಂದು ನಿದ್ದೆಗಣ್ಣಲ್ಲಿ ಹೇಳಬಲ್ಲ ಮಹಾಶಯರಿಗೆ ದಾರದ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು ಬ್ರಹ್ಮವಿದ್ಯೆಯಾಯಿತು. ಮೊದಲು ಹುಟ್ಟಿದ ವಸ್ತು ಕಂಬಳಿಯಂತೂ ಅಲ್ಲ, ಕಾಲೊರಸಿಗೆ ಚಿಕ್ಕದು, ಕೌಪೀನಕ್ಕೆ ದೊಡ್ಡದು. ಸಿಟ್ಟು ಬಂದು ಅದನ್ನು ಬಿಚ್ಚಿ ಎಸೆದರು. ಮತ್ತೆ ಶುರು ಮಾಡಿದರು. ಮೇ ಮಧ್ಯದ ಹೊತ್ತಿಗೆ ಕೈ ಪಳಗಿತು. ಕಾಶಿಯ ಪಟ್ಟಿ ದಿನದಿನಕ್ಕೆ ಬೆಳೆಯಿತು: ಕಾವಿ, ಕಾವಿ, ಕಾವಿ, ಕಾವಿ. ಒಂದು ದಿನವಾದರೂ ಮೋಡ ಕವಿದು ಕಿತ್ತಳೆಯಾದರೂ ಬರಲಿ ಎಂದು ಅವರು ಹಾರೈಸಿದರು. ಬರಲಿಲ್ಲ. ಸುಳ್ಳು ಸಾಲು ಹಾಕಲು ವೈಜ್ಞಾನಿಕ ಮನೋಭಾವ ಒಪ್ಪಲಿಲ್ಲ.

ಇಷ್ಟನ್ನು ಅವರು ಮನೆಯೊಳಗೆ ಫ್ಯಾನಿನಡಿ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಉಷ್ಣಮಾಪಕವನ್ನು ಮಾಳಿಗೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಸಂಜೆ ಕರೆಂಟು ಹೋಗುತ್ತಿದ್ದುದರಿಂದ ಹೆಣಿಗೆಯೂ ಅಲ್ಲೇ. ಸೆಕೆಗೆ ಮೈಮೇಲೆ ಅಂಗಿ ಇಲ್ಲ, ಪಂಚೆ ಮಾತ್ರ. ಪಕ್ಕದ ಮಾಳಿಗೆಯಿಂದ ಭವಾನಿಯಮ್ಮನ ಕಣ್ಣು.

ಭವಾನಿಯಮ್ಮನ ಮುತ್ತಜ್ಜ ಮೈಸೂರು ಸೀಮೆಯಿಂದ ಕಾಶಿಗೆ ಬಂದು ನೆಲೆಸಿದವರು. ಯಾತ್ರಿಕರಿಗೆ ಕೋಣೆ ಕೊಡುವುದು ಅವರ ಮನೆತನದ ಕಸುಬು. ಗಲ್ಲಿಯ ಸುದ್ದಿಯನ್ನು ಯಾತ್ರಿಕರ ಮೂಲಕ ಕರ್ನಾಟಕದ ಜಿಲ್ಲೆಜಿಲ್ಲೆಗೆ ತಲುಪಿಸುವುದು ಅವರ ಸ್ವಂತ ಸೇವೆ. ಚಿದಾನಂದರು ದಿನಾ ಸೂರ್ಯ ಮುಳುಗುವ ಹೊತ್ತಿಗೆ ಬರಿಮೈಯಲ್ಲಿ ಬಂದು ಗೋಡೆಯ ಮುಂದೆ ನಿಲ್ಲುವುದು, ಕನ್ನಡಕ ಹಣೆಗೇರಿಸಿ ಅದನ್ನೇ ದಿಟ್ಟಿಸುವುದು, ಆಮೇಲೆ ಕಾಲು ಮಡಿಚಿ ಕೂತು, ಒಂದು ಬಟ್ಟೆಚೀಲದೊಳಗೆ ಕೈಯಿಟ್ಟು ತುಟಿ ಅಲ್ಲಾಡಿಸುವುದು, ಎಲ್ಲವನ್ನೂ ಅವರು ಕಂಡರು. ಚೀಲದಲ್ಲಿದ್ದುದು ದಾರದ ಉಂಡೆ. ಯಾರಿಗೂ ಕಾಣದಿರಲೆಂದು ಹೆಣಿಗೆಯನ್ನೂ ಒಳಗೇ ನಡೆಸುತ್ತಿದ್ದರು. ತುಟಿ ಅಲ್ಲಾಡಿದ್ದು ಕುಣಿಕೆ ಎಣಿಸಲು. ಆದರೆ ಕಾಶಿಯಲ್ಲಿ ಚೀಲದೊಳಗೆ ಕೈಯಿಟ್ಟು ತುಟಿ ಅಲ್ಲಾಡಿಸುವವರು ಏನು ಮಾಡುತ್ತಾರೆಂದು ಹಸುಗೂಸಿಗೂ ಗೊತ್ತು. ಜಪ!

ಒಂದು ಸಂಜೆ ಚಿದಾನಂದರು ಉದ್ದ ಅಳೆಯಲೆಂದು ಪಟ್ಟಿಯನ್ನು ಹೆಗಲ ಮೇಲೆ ಹೊದ್ದು ನೋಡಿದರು. ಆ ಕಡೆ ಹಪ್ಪಳ ತೆಗೆಯುತ್ತಿದ್ದ ಭವಾನಿಯಮ್ಮ ಹಪ್ಪಳದ ಮೊರವನ್ನೇ ಕೈಬಿಟ್ಟರು.

“ಪ್ರೊಫೆಸರ್ ಸಾಬ್ ಗೇರುಆ ಹೊದ್ದುಕೊಂಡಿದ್ದಾರೆ!” ಎಂದು ಕೆಳಗಿಳಿದು ಬಂದು ಯಾತ್ರಿಕರಿಗೆ ಸಾರಿದರು. “ಮೊದಲೇ ಅನ್ನಿಸಿತ್ತು ನನಗೆ. ಛತ್ ಮೇಲೆ ನಿಂತು ದೀವಾರ್ ನೋಡ್ತಾರೆ ಅಂದರೆ ಸುಮ್ಮನೆಯೇ? ದೀವಾರ್ ಆಚೆ ಏನೋ ಕಾಣುತ್ತೆ ಅವರಿಗೆ. ಭಾರೀ ಪಹುಂಚೇ ಹುಏ, ಸಿದ್ಧಪುರುಷರೇ ಆಗಿಬಿಟ್ಟರು.”

ಈ ಸುದ್ದಿಗೆ ಪುಷ್ಟಿ ಬೇಕಿತ್ತು. ಅದನ್ನು ಚಿದಾನಂದರೇ ಒದಗಿಸಿದರು. ತಲೆಯಲ್ಲಿ ಬೆವರುಸಾಲೆ ಎದ್ದು, ಘಾಟಿನ ಮೆಟ್ಟಿಲ ಮೇಲಿನ ಕ್ಷೌರಿಕನ ಮುಂದೆ ಹೋಗಿ ಕೂತು, “ಗರ್ಮೀ ಬಹುತ್ ಹೈ ಭೈಯಾ, ಜರಾ ಹಲ್ಕಾ ಕರ್ ದೋ,” ಎಂದು ಕೂದಲು ಸ್ವಲ್ಪ ಹಗುರ ಮಾಡಲು ಹೇಳಿದರು. ನದಿಯ ಕಡೆಯಿಂದ ತಂಪುಗಾಳಿ ಬಂತು. ಕ್ಷೌರಿಕ “ಪೂರಾ?” ಎಂದು ಕೇಳಿದ ಹೊತ್ತಿಗೆ ಅವರು ತೂಕಡಿಸಿದರು, ತಲೆ ಮುಂದಕ್ಕೆ ಬಾಗಿತು. ಒಪ್ಪಿಗೆ ಸಿಕ್ಕಿತೆಂದು ಅವನು ನುಣ್ಣಗೆ ಬೋಳಿಸಿ, ಪದ್ಧತಿಯಂತೆ ಒಂದಿಷ್ಟು ಭಸ್ಮವನ್ನೂ ಹಚ್ಚಿ ಕಳಿಸಿದ. ಗಲ್ಲಿಯಲ್ಲಿ ಬರುತ್ತಿದ್ದ ಚಿದಾನಂದರಿಗೆ ದಾರಿಯ ಹಸುವೊಂದು ಕೂಡ ಎದ್ದು ಜಾಗ ಬಿಟ್ಟಿತು. ಹನುಮಾನ್ ಘಾಟಿನ ಹಸುಗಳು ಎಂದೂ ಹಾಗೆ ಮಾಡಿದವಲ್ಲ.

ಅತ್ತ ಬೆಟ್ಟದ ಪಟ್ಟಿಯ ಕೆಲಸವೂ ನಡೆದಿತ್ತು. ಅದನ್ನು ಅವರು ಮಲಗುವ ಕೋಣೆಯಲ್ಲಿ, ಹೆಂಡತಿಯ ಫೋನು ಬಂದ ಮೇಲೆ ಹೆಣೆಯುತ್ತಿದ್ದರು. ಆದ್ದರಿಂದ ಫೋನಿನ ಸಂಭಾಷಣೆಯ ರೀತಿಯೇ ಬದಲಾಗಿತ್ತು.

“ಇವತ್ತ ಎಷ್ಟು ಡಿಗ್ರಿ, ವಸು?”

“ಹದಿನಾಲ್ಕು ಇರಬೇಕು. ರೀ, ಇವತ್ತ ನಾ ಕಾಲು ಜಾರಿ...”

“ಮಂಜು ಇತ್ತೇನು?”

“ಇತ್ತು. ಅದಕ್ಕ ಜಾರಿದ್ದು.”

“ಮುಂಜಾನೆನೋ, ಇಡೀ ದಿನಾನೋ? ಮತ್ತ ದನಾ? ಮ್ಯಾಲೆ ಹೋದ್ವೋ, ಇನ್ನೂ ಕೆಳಗ ಅವನೋ?”

“ದನಾ ಆರಾಮ ಅವ,” ಎಂದು ಹೇಳಿ ವಸುಮತಿಯವರು ಫೋನಿಟ್ಟುಬಿಡುತ್ತಿದ್ದರು. ಚಿದಾನಂದರು ನೆಟ್‌ವರ್ಕನ್ನು ಬೈಯುತ್ತ ಬೂದಿ ಬಣ್ಣದ ದಾರ ಎತ್ತಿಕೊಳ್ಳುತ್ತಿದ್ದರು.

ಜೂನ್ ಬಂತು. ಒಂದು ಬೆಳಿಗ್ಗೆ ಸೋಮಲಿಂಗಯ್ಯನವರು ಮೆಟ್ಟಿಲೇರಿ ಬಂದರು. ಕನ್ನಡನಾಡಿನ ಒಂದು ಮಠಕ್ಕೆ ಕಾಶಿಯಲ್ಲಿದ್ದ ಶಾಖೆಯ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರು. ನಿಧಾನಸ್ಥರು. ಬೋಳುತಲೆಯನ್ನು ಒಮ್ಮೆ ನೋಡಿ, ನೆಲ ನೋಡಿ, ಚಹಾ ಆರಿದ ಮೇಲೆ ಮಾತು ತೆಗೆದರು.

“ಭವಾನಿಯಮ್ಮ ಎಲ್ಲಾ ಹೇಳಿದ್ರು.”

ಚಿದಾನಂದರು ಲೋಟ ಕೆಳಗಿಟ್ಟರು. ಆ ಹೆಂಗಸು ಕಂಬಳಿಯನ್ನು ನೋಡಿಯೇಬಿಟ್ಟಿದ್ದಾಳೆ! “ಹೇಳೇಬಿಟ್ರಾ? ಹಂಗಾರ ನಿಮ್ಮ ಮುಂದ ಏನ್ ಮುಚ್ಚೂದು. ಒಂದು ಉಪಕಾರ ಮಾಡ್ರಿ ಅಜ್ಜಾರ, ನನ್ನ ಹೆಂಡತಿಗೆ ಮಾತ್ರ ತಿಳೀಬಾರದು.”

“ತಿಳೀಬಾರದಾ?”

“ಮೊದಲ ತಿಳಿದ್ರ ಎಲ್ಲಾ ಹಾಳಾಗ್ತದ. ಆಕಿ ಬೆಟ್ಟಾ ಇಳದು ಬರೂದ್ರಾಗ ಮುಗಿಸಿಬಿಡಬೇಕು ಅಂತ ಮಾಡೀನಿ.”

ಸೋಮಲಿಂಗಯ್ಯನವರು ಕೊರಳ ರುದ್ರಾಕ್ಷಿ ಹಿಡಿದುಕೊಂಡರು. “ಗುರುಗಳು ಯಾರು?”

“ಗುರು ಗಿರು ಯಾರಿಲ್ರಿ. ಯೂಟ್ಯೂಬಿನಾಗ ನೋಡಿ ಕಲ್ತೆ.”

“ಶಿವ ಶಿವಾ! ಕಷ್ಟ ಆಗ್ಲಿಲ್ಲೇನು?”

“ಮೊದಲು ಭಾಳ ಆತು. ಬರೇ ಗಂಟು. ಒಂದು ಬಿಡಿಸಿದ್ರ ಇನ್ನೊಂದು. ಒಮ್ಮೆ ಸಿಟ್ಟು ಬಂದು ಎಲ್ಲಾ ಬಿಚ್ಚಿ ಒಗದುಬಿಟ್ಟೆ.”

“ಎಲ್ಲಾ ಬಿಚ್ಚಿ?” ಸೋಮಲಿಂಗಯ್ಯನವರ ಕಣ್ಮುಂದೆ ಕುಂಭಮೇಳದ ನಾಗಾ ಸಾಧುಗಳ ಮೆರವಣಿಗೆ ಹಾದುಹೋಯಿತು. “ಎಲ್ಲಿ?”

“ಇಲ್ಲೇ, ಮಾಳಿಗಿ ಮ್ಯಾಲೆ. ಒಂದೀಟು ಹೊತ್ತು ಹಂಗ ಕೂತೆ. ಆಮ್ಯಾಲೆ ಮನಸ್ಸು ಶಾಂತ ಆತು.”

“ಭವಾನಿಯಮ್ಮನ ಮಾಳಿಗಿ ಬಾಜೂಕ ಅದ, ಅದನ್ನಾದ್ರೂ ನೆನಪಿಡಬೇಕಿತ್ತು ನೀವು,” ಎಂದರು ಸೋಮಲಿಂಗಯ್ಯನವರು ಕ್ಷೀಣ ಸ್ವರದಲ್ಲಿ. “ಹೋಗ್ಲಿ. ಇನ್ನ ಎಷ್ಟು ದೂರ ಬಂದದ?”

“ಎರಡು ಭಾಗ ಅದರೀ. ಇಲ್ಲೀದೊಂದು, ಮ್ಯಾಲಿಂದೊಂದು. ಕಡೀಕ ಎರಡೂ ಕೂಡಿಸಿಬಿಟ್ರ ಮುಗೀತು.”

“ಇಹ, ಪರ,” ಎಂದು ಗೊಣಗಿದರು ಸೋಮಲಿಂಗಯ್ಯನವರು.

“ಹಂಗೂ ಅನ್ನಬಹುದು,” ಎಂದು ಚಿದಾನಂದರು ನಗುತ್ತ ಒಪ್ಪಿಕೊಂಡರು. ಹಿರಿಯರು ಎಷ್ಟು ಚೆಂದ ಮಾತಾಡುತ್ತಾರೆ ಎನ್ನಿಸಿತು.

ಸೋಮಲಿಂಗಯ್ಯನವರು ಗೋಡೆ ಹಿಡಿದು ಮೆಟ್ಟಿಲಿಳಿದರು. ಐವತ್ತು ವರ್ಷ ಮಠದಲ್ಲಿದ್ದು ಅವರು ಅನೇಕ ಸನ್ಯಾಸಿಗಳನ್ನು ಕಂಡಿದ್ದರು. ಯೂಟ್ಯೂಬ್ ನೋಡಿ, ಹೆಂಡತಿಗೆ ತಿಳಿಯದಂತೆ, ನಗುನಗುತ್ತ ಸಂಸಾರ ಬಿಡುವವನನ್ನು ಇದೇ ಮೊದಲು ನೋಡಿದ್ದು. ಕೆಳಗೆ ಕಾದಿದ್ದ ಭವಾನಿಯಮ್ಮನಿಗೆ, “ಕೈ ಮೀರೇದ. ಊರಿಂದ ಹಿರೇರನ್ನ ಕರಸ್ರಿ,” ಎಂದಷ್ಟೇ ಹೇಳಿದರು. ವಸುಮತಿಯವರ ತಾಯಿ ಕಮಲಾದೇವಿಯವರು ಹಿಂದೊಮ್ಮೆ ಯಾತ್ರೆಗೆ ಬಂದಾಗ ಭವಾನಿಯಮ್ಮನಿಗೆ ಗೆಳತಿಯಾಗಿದ್ದರು. ಫೋನು ಕೂಡಲೇ ಧಾರವಾಡಕ್ಕೆ ಹೋಯಿತು.

ಮರುದಿನ ವಿಭಾಗದ ಮುಖ್ಯಸ್ಥ ಗುರುಪ್ರಕಾಶರು ಬಂದರು. ಅವರು ಶಿವಮೊಗ್ಗದವರು, ಮಾತು ಬಹಳ ನಯ.

“ಚಿದಾನಂದ್ ಅವರೇ, ಎಲ್ಲಾ ಕೇಳಿದೆ. ದೊಡ್ಡ ಮನಸ್ಸು ನಿಮ್ಮದು. ನಾವೆಲ್ಲ ಇನ್ನೂ ಪ್ರಮೋಷನ್ನು ಅಂತ ಒದ್ದಾಡ್ತಿದ್ದೀವಿ.”

“ಅಯ್ಯೋ, ಏನ್ ದೊಡ್ಡದು ಸರ್. ಕೈಗೆ ಒಂದು ಕೆಲಸ, ಅಷ್ಟ.” ಚಿದಾನಂದರಿಗೆ ನಾಚಿಕೆಯಾಯಿತು. ಈ ಭವಾನಿಯಮ್ಮ ಕಂಬಳಿಯ ವಿಷಯವನ್ನು ವಿಶ್ವವಿದ್ಯಾಲಯದವರೆಗೂ ಮುಟ್ಟಿಸಿದರಲ್ಲ!

“ಆದರೂ ಈ ಬಿಸಿಲಲ್ಲಿ! ಅಂದಹಾಗೆ, ಬಿಸಿಲು ಅಂದಾಗ ನೆನಪಾಯ್ತು. ವಿಭಾಗದಲ್ಲಿ ನಿಮ್ಮ ರೂಮಿನ ಎ.ಸಿ. ಇದೆಯಲ್ಲ. ಇನ್ನು ನಿಮಗೆ ಅದರ ಮೋಹ ಇರಲಾರದು. ನನ್ನ ರೂಮಿನದು ಬರೀ ಶಬ್ದ ಮಾಡುತ್ತೆ.”

ಮಾತು ಎಲ್ಲಿಂದ ಎಲ್ಲಿಗೆ ಹಾರಿತೆಂದು ಚಿದಾನಂದರಿಗೆ ತಿಳಿಯಲಿಲ್ಲ. ಮುಖ್ಯಸ್ಥರು ಕೇಳುತ್ತಿದ್ದಾರೆ, ಇಲ್ಲ ಎನ್ನಲಾಗದೆ “ತಗೊಳ್ರಿ ಸರ್,” ಎಂದರು. ಗುರುಪ್ರಕಾಶರು ಎದ್ದು ಕೈಮುಗಿದರು. ಸಂಜೆಯೊಳಗೆ ಎ.ಸಿ. ಕಳಚಿಕೊಂಡು ಹೋಯಿತು. ಯಂತ್ರ ತ್ಯಾಗ ಮಾಡಿದ ಸುದ್ದಿ ಕೇಳಿ, ಅಲ್ಲಿಯವರೆಗೆ ಸಂಶಯಪಡುತ್ತಿದ್ದ ಇಬ್ಬರು ಸಹೋದ್ಯೋಗಿಗಳೂ ನಂಬಿದರು. ಜೂನ್ ತಿಂಗಳಲ್ಲಿ ಕಾಶಿಯಲ್ಲಿ ಎ.ಸಿ. ಬಿಟ್ಟುಕೊಡುವವನು ವಿರಕ್ತನಲ್ಲದೆ ಇನ್ನೇನು?

ಚಿದಾನಂದರಿಗೆ ನಿಜ ತಿಳಿದದ್ದು ಮಗಳ ಫೋನಿನಿಂದ. ಕಾಶಿಯಲ್ಲೇ ಬೆಳೆದ ಅಕ್ಷರಾಳಿಗೆ ಗಾಬರಿಯಾದಾಗ ಕನ್ನಡ ಮರೆತುಹೋಗುತ್ತಿತ್ತು.

“ಅಪ್ಪಾ! ಆಪ್ ಸಚ್ ಮೇ ಬಾಬಾ ಬನ್ ರಹೇ ಹೋ?”

“ಯಾವ ಬಾಬಾ?”

“ಸನ್ಯಾಸಿ! ಅಜ್ಜಿ ಹೇಳಿದಳು, ನೀವು ಸಿರ್ ಮುಂಡ್ವಾ ಲಿಯಾ, ಗೇರುಆ ಹಾಕ್ತಿದ್ದೀರಿ, ಹಿಮಾಲಯ್ ಜಾ ರಹೇ ಹೋ. ಅಮ್ಮನಿಗೂ ಹೇಳಿಬಿಟ್ಟಳು. ನೀವು ದಿನಾ ಥಂಡಿ ಎಷ್ಟು, ದನ ಎಲ್ಲಿ ಅಂತ ಕೇಳ್ತೀರಂತಲ್ಲ? ಅಜ್ಜಿ ಬೋಲೀ, ದನ ಕೇಳಿದಾರೆ ಅಂದ್ರೆ ಗುಹೆ ಹತ್ತಿರ ಹಾಲಿನ ಇಂತಜಾಮ್ ನೋಡ್ತಿದಾರೆ!”

ಚಿದಾನಂದರು ತಮ್ಮ ಬೋಳುತಲೆ ಮುಟ್ಟಿಕೊಂಡರು. ಮಡಿಲಲ್ಲಿದ್ದ ಕಾವಿಯನ್ನು ನೋಡಿದರು. ಸೋಮಲಿಂಗಯ್ಯನವರ ಒಂದೊಂದು ಮಾತೂ ಮೆದುಳಿನಲ್ಲಿ ತಿರುಗಿ ನಿಂತು ಹೊಸ ಮುಖ ತೋರಿಸಿತು. “ಎಲ್ಲಾ ಬಿಚ್ಚಿ ಒಗದುಬಿಟ್ಟೆ” ಎಂದದ್ದು ನೆನಪಾದಾಗ ಎದ್ದುನಿಂತರು.

“ಅಕ್ಷರಾ, ಅದು ಕಂಬಳಿ! ಈಗ ಅಜ್ಜಿಗೆ ಫೋನ್ ಹಚ್ಚಿ ಹೇಳು.”

“ಅಜ್ಜಿ ಟ್ರೇನ್‌ನಲ್ಲಿದಾಳೆ, ಅಪ್ಪಾ. ಸುಬಹ್ ಪಹುಂಚ್ ಜಾಯೇಗೀ.”

ಬೆಳಿಗ್ಗೆ ಕಮಲಾದೇವಿಯವರು ಬಂದರು. ಅವರ ಹಿಂದೆ ಭವಾನಿಯಮ್ಮ, ಸೋಮಲಿಂಗಯ್ಯನವರು, ಇನ್ನು ಏನಾದರೂ ತ್ಯಾಗವಾಗುವುದಿದ್ದರೆ ಇರಲಿ ಎಂದು ಗುರುಪ್ರಕಾಶರೂ ಬಂದರು. ಚಿದಾನಂದರು ಪೂರ್ಣ ತೋಳಿನ ಅಂಗಿ, ಪ್ಯಾಂಟು, ಸಾಲದ್ದಕ್ಕೆ ಟೈ ಕೂಡ ಹಾಕಿಕೊಂಡು ಅಪ್ಪಟ ಸಂಸಾರಿಯಂತೆ ಬಾಗಿಲಲ್ಲಿ ನಿಂತಿದ್ದರು. ಬೋಳುತಲೆಯ ಕೆಳಗೆ ಟೈ ನೋಡಿ ಕಮಲಾದೇವಿಯವರಿಗೆ ಅಳು ಇನ್ನೂ ಜಾಸ್ತಿಯಾಯಿತು.

“ಅಳಿಯಂದ್ರ, ನನ್ನ ಮಗಳು ಏನ್ ತಪ್ಪು ಮಾಡಿದ್ಲು? ಸಾರು ಉಪ್ಪಾಗಿತ್ತೇನು?”

“ಅತ್ತಿಯವ್ರ, ನಾ ಸನ್ಯಾಸಿ ಆಗ್ಲಿಕ್ಕತ್ತಿಲ್ಲ. ಇದು ಹವಾಮಾನ!” ಚಿದಾನಂದರು ಕಪಾಟಿನಿಂದ ಕಾವಿಪಟ್ಟಿ ಎಳೆದರು. ಅದು ಬಂತು, ಬಂತು, ಬರುತ್ತಲೇ ಇತ್ತು. “ನಲವತ್ತರ ಮ್ಯಾಲಿದ್ರ ಕಾವಿ. ನಾನ ಹಾಕೀನಿ ಕ್ರೋಶಾ.”

ಕಾಶಿಯಲ್ಲಿ ಒಬ್ಬ ಗಂಡಸು ಸಂಸಾರ ಬಿಟ್ಟ ಎಂದರೆ ಎಲ್ಲರೂ ನಂಬುತ್ತಾರೆ. ಕ್ರೋಶಾ ಹಾಕಿದ ಎಂದರೆ ಯಾರು ನಂಬುತ್ತಾರೆ?

“ವೈರಾಗ್ಯ ಬರಲಿ, ಚಿಂತಿಲ್ಲ,” ಎಂದರು ಸೋಮಲಿಂಗಯ್ಯನವರು ನೊಂದು. “ಸುಳ್ಳು ಬರಬಾರದು.”

“ಹಾಕಿ ತೋರಿಸ್ರಿ,” ಎಂದರು ಕಮಲಾದೇವಿಯವರು ಕಣ್ಣೊರೆಸಿಕೊಂಡು.

ಚಿದಾನಂದರು ನೆಲದ ಮೇಲೆ ಕೂತು ಕಡ್ಡಿ ಹಿಡಿದರು. ನಾಲ್ಕು ಜೊತೆ ಕಣ್ಣು ಬೆರಳ ಮೇಲಿತ್ತು. ಬೆವರಿಗೆ ಕಡ್ಡಿ ಜಾರಿತು. ದಾರ ಕಡ್ಡಿಗೆ ಸುತ್ತಬೇಕಾದ್ದು ಬೆರಳಿಗೆ ಸುತ್ತಿತು, ಬೆರಳಿನಿಂದ ಟೈಗೆ ಹೋಯಿತು. ವಿಭಾಗದ ಮೌಖಿಕ ಪರೀಕ್ಷೆಗಳಲ್ಲಿ ಎಷ್ಟೋ ಹುಡುಗರನ್ನು ನಡುಗಿಸಿದ್ದ ಪ್ರಾಧ್ಯಾಪಕರು ಒಂದೇ ಒಂದು ಕುಣಿಕೆ ಹಾಕಲಾರದೆ ಫೇಲಾದರು.

“ದೇಖಾ?” ಎಂದರು ಭವಾನಿಯಮ್ಮ. “ಆತಾ ಹೀ ನಹೀಂ. ಬರೋದೇ ಇಲ್ಲ ಇವರಿಗೆ.”

ಅದೇ ಗಳಿಗೆಯಲ್ಲಿ ಬೆನ್ನಿಗೆ ದೊಡ್ಡ ಚೀಲ, ಕಾಲಲ್ಲಿ ಬೆಟ್ಟದ ಮಣ್ಣು ಮೆತ್ತಿದ ಬೂಟು ಇದ್ದ ವಸುಮತಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಶಾಮಾ ದೀದಿಯ ಫೋನಿಗೆ ತಾಯಿಯ ಕರೆ ಬಂದ ಕೂಡಲೇ ಜೀಪು, ಬಸ್ಸು, ರೈಲು ಹಿಡಿದು ಬಂದಿದ್ದರು. ನೆಲದಲ್ಲಿ ಕಾವಿಯ ಗೋಜಲಿನ ನಡುವೆ ಕೂತಿದ್ದ ಗಂಡನನ್ನು ನೋಡಿದರು.

“ಕೂದಲಾ ಎಲ್ಲಿ ಹೋತು?”

“ನಿದ್ದಿಗಣ್ಣಾಗ ಹೋತು,” ಎಂದರು ಚಿದಾನಂದರು.

“ಮಗಳ, ಇವರನ್ನ ತಡಿಯವ್ವಾ,” ಎಂದರು ಕಮಲಾದೇವಿಯವರು.

“ಏನ್ ತಡೀಲಿ? ಒಂದು ಹೊತ್ತು ಚಹಾ ತಡಾ ಆದ್ರ ತಡಕೊಳ್ಳಲಾರದವ್ರು ಇವ್ರೇನ್ ಸನ್ಯಾಸಿ ಆಗ್ತಾರ? ಅದನ್ನ ನಾ ಒಂದು ನಿಮಿಷಾನೂ ನಂಬಿಲ್ಲ. ನಾ ಬಂದದ್ದು ಬ್ಯಾರೆ ಕಾರಣಕ್ಕ.” ವಸುಮತಿಯವರು ಬೆನ್ನಿನ ಚೀಲ ಇಳಿಸಿದರು. “ರೀ, ಎರಡು ತಿಂಗಳಾತು ನಾ ಹೋಗಿ. ಒಂದು ದಿನಾ ನೀ ಹೆಂಗಿದ್ದಿ ಅಂತ ಕೇಳ್ಲಿಲ್ಲ. ಎಷ್ಟು ಡಿಗ್ರಿ, ಮಂಜು ಅದನೋ, ದನಾ ಎಲ್ಲಿ ಹೋದ್ವು. ಆವತ್ತ ಜ್ವರದಾಗ ಮಲಗಿದ್ದೆ. ಫೋನ್ ಹಚ್ಚಿ ಎಷ್ಟು ಡಿಗ್ರಿ ಅಂದ್ರಿ. ಜ್ವರಾ ಕೇಳ್ಲಿಕ್ಕತ್ತಾರ ಅಂತ ಎಷ್ಟು ಸಂತೋಷ ಆತು ನನಗ! ನೂರಾ ಎರಡು ಅಂದೆ. ಅದಕ್ಕ ನೀವು ಅಂದದ್ದೇನು? ‘ಅಷ್ಟು ಬಿಸಲೇನು?’ ಅಂದ್ರಿ!”

ಭವಾನಿಯಮ್ಮ ಹಣೆ ಬಡಿದುಕೊಂಡರು. ಗುರುಪ್ರಕಾಶರು ಕೂಡ, ಇಂಥವನ ಎ.ಸಿ. ತೆಗೆದುಕೊಂಡದ್ದೇ ಸರಿ ಎಂಬಂತೆ ತಲೆಯಾಡಿಸಿದರು. ಸನ್ಯಾಸದ ಪಾತಕ ಈಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಚಿದಾನಂದರು ಎದ್ದು ಮಲಗುವ ಕೋಣೆಗೆ ಹೋದರು. ದಾರ ಟೈಗೆ ಸುತ್ತಿಕೊಂಡಿದ್ದರಿಂದ ಕಾವಿಪಟ್ಟಿಯೂ ಅವರ ಹಿಂದೆ ನೆಲದ ಮೇಲೆ ತೆವಳಿಕೊಂಡು ಹೋಯಿತು, ತೆವಳಿಕೊಂಡು ಬಂತು. ಬರುವಾಗ ಅವರ ಕೈಯಲ್ಲಿ ಇನ್ನೊಂದು ಪಟ್ಟಿ ಇತ್ತು. ಅದನ್ನು ಹೆಂಡತಿಯ ಕಾಲ ಬಳಿ ಹಾಸಿದರು.

ನೀಲಿ, ಹಸಿರು, ಬೂದಿ. ನಡುನಡುವೆ ದೇವಸ್ಥಾನದ ಕೆಂಪು ದಾರದ ಗಂಟುಗಳು. ಅಂಚು ಡೊಂಕು, ಸಾಲು ಸೊಟ್ಟ, ಆದರೆ ಬೆಟ್ಟವೇ ಮಲಗಿದಂತಿತ್ತು. ವಸುಮತಿಯವರು ಬೂಟು ಹಾಕಿಕೊಂಡೇ ನೆಲಕ್ಕೆ ಕೂತರು.

“ಇದು ಬುರಾಂಸ್ ಹೂ ತೋರಿಸಿದ ದಿನ,” ಎಂದರು ಬೆರಳಿಟ್ಟು.

“ಹೌದು. ಮತ್ತ ಈ ಹಸರು, ದನಾ ಮ್ಯಾಲೆ ಹೋದದ್ದು.”

“ನಾ ಜಾರಿ ಬಿದ್ದದ್ದು ಈ ಬೂದಿ ಬಣ್ಣದ್ದು... ರೀ, ಇದೇನು? ಬೆಟ್ಟದಾಗ ಕಿತ್ತಳಿ ಬಣ್ಣ?”

ಚಿದಾನಂದರು ತಲೆ ತಗ್ಗಿಸಿದರು. “ನೂರಾ ಎರಡು ಅಂದಿದ್ದಿ. ಫ್ಯಾರನ್‌ಹೀಟ್ ಇರಬೇಕು ಅಂತ ಲೆಕ್ಕಾ ಹಾಕಿ ಮೂವತ್ತೊಂಬತ್ತು ಹಿಡದೆ.”

ಸೋಮಲಿಂಗಯ್ಯನವರ ಗಂಟಲಿಂದ ಕೆಮ್ಮಿನಂಥ ಸದ್ದು ಬಂತು. ಅದು ಕೆಮ್ಮಲ್ಲ. ಕಮಲಾದೇವಿಯವರು ಸೆರಗು ಬಾಯಿಗೊತ್ತಿಕೊಂಡರು. ವಸುಮತಿಯವರು ಮಾತ್ರ ನಗಲಿಲ್ಲ. ಅವರ ಬೆರಳು ಕಿತ್ತಳೆ ಸಾಲಿನ ಮುಂದೆ ಹೋಗಿ ನಿಂತಿತ್ತು. ಅಲ್ಲಿ ಒಂದರ ಪಕ್ಕ ಒಂದು ಕಪ್ಪು ಸಾಲುಗಳಿದ್ದವು.

“ಇವು?”

“ಆಮ್ಯಾಲೆ ನಿನ್ನ ಫೋನ್ ಬರಲಿಲ್ಲಲ್ಲ.”

“ಸಿಟ್ಟು ಬಂದಿತ್ತು ನನಗ. ಫೋನ್ ಬಂದ್ ಮಾಡಿ ಮಲಗಿದ್ದೆ.” ಅವರು ಕಪ್ಪು ಸಾಲುಗಳ ಮೇಲೆ ಅಂಗೈ ಇಟ್ಟರು. “ಅಲ್ಲಿ ಎಷ್ಟು ಡಿಗ್ರಿ ಅಂತ ಇಂಟರ್‌ನೆಟ್ಟಿನಾಗ ನೋಡಬಹುದಿತ್ತಲ್ಲ?”

“ನೋಡಿದ್ದೆ. ಹದಿನಾರು ಇತ್ತು,” ಎಂದರು ಚಿದಾನಂದರು. “ಆದ್ರ ಅದು ನೀ ಹೇಳಿದ್ದಲ್ಲ.”

ವಸುಮತಿಯವರು ಗಂಡನ ಟೈಗೆ ಸುತ್ತಿಕೊಂಡಿದ್ದ ದಾರವನ್ನು ಬಿಡಿಸತೊಡಗಿದರು. ಕತ್ತರಿಸಿದ್ದರೆ ಒಂದು ಗಳಿಗೆಯ ಕೆಲಸ, ಅವರು ಕತ್ತರಿಸಲಿಲ್ಲ.

ಕಮಲಾದೇವಿಯವರು ಬೆಟ್ಟದ ಪಟ್ಟಿಯನ್ನೆತ್ತಿ ತಿರುವಿ ನೋಡಿದರು. “ಅಂಚಿಗೆ ಒಂದು ಕುಣಿಕಿ ಬಿಟ್ಟು ಬಿಟ್ಟು ಹಾಕ್ಯಾರ. ಅದಕ್ಕ ಡೊಂಕಾಗೇದ. ಗಂಡಸ್ರ ಕೆಲಸಾ!” ಎಂದು ಕಡ್ಡಿ ತೆಗೆದುಕೊಂಡು ಕೂತೇಬಿಟ್ಟರು. ಸೋಮಲಿಂಗಯ್ಯನವರು, “ಇಹ ಪರ ಎರಡೂ ಚೆಂದ ಮೂಡ್ಯಾವ,” ಎಂದು ಪ್ರಮಾಣಪತ್ರ ಕೊಟ್ಟರು. ಎ.ಸಿ.ಯ ಬಗ್ಗೆ ಯಾರೋ ಮಾತೆತ್ತುವ ಸೂಚನೆ ಕಂಡು ಗುರುಪ್ರಕಾಶರು ಮೀಟಿಂಗ್ ನೆನಪಾಗಿ ಎದ್ದು ಹೋದರು.

ಪೆಚ್ಚಾಗಿದ್ದವರು ಭವಾನಿಯಮ್ಮ ಒಬ್ಬರೇ. “ನನ್ನ ಗತಿ ಏನು?” ಎಂದರು. “ಬಂಗಾಲಿ ಟೋಲಾವರೆಗೆ ಹೇಳಿಬಿಟ್ಟಿದ್ದೇನೆ. ಹಾವೇರಿಯಿಂದ ಬಂದ ಯಾತ್ರಿಗಳು ನಾಳೆ ದರ್ಶನ ಮಾಡಿಯೇ ಹೋಗ್ತೀವಿ ಅಂತ ಟಿಕೆಟ್ ಕ್ಯಾನ್ಸಲ್ ಮಾಡಿದ್ದಾರೆ. ಪ್ರೊಫೆಸರ್ ಸಾಬ್, ನಾಲ್ಕು ದಿನ ಸನ್ಯಾಸಿ ಆಗಿದ್ದುಬಿಡಿ. ಆಮೇಲೆ ಏನಾದರೂ ಆಗಿ.”

ಅದಕ್ಕೆ ಅವಕಾಶವಾಗಲಿಲ್ಲ. ಮಳೆ ಶುರುವಾಗುವ ಮೊದಲೇ ಸಂಗ್ರಹಿಸಬೇಕಾದ ಗಿಡಗಳು ಬೆಟ್ಟದಲ್ಲಿ ಕಾದಿದ್ದವು. ವಸುಮತಿಯವರು ಮರುದಿನವೇ ಹೊರಡಬೇಕಿತ್ತು. ವಿಶ್ವವಿದ್ಯಾಲಯಕ್ಕೆ ಬೇಸಿಗೆ ರಜೆ. “ನೀವೂ ನಡೀರಿ. ಡಿಗ್ರಿ ಎಷ್ಟು ಅಂತ ಬಂದು ನೋಡ್ಕೊಳ್ರಿ,” ಎಂದರು. ಕಮಲಾದೇವಿಯವರು ಹೇಗೂ ಬಂದದ್ದಾಯಿತೆಂದು ಕಾಶಿಯಲ್ಲೇ ಉಳಿದು, ಬೆಳಿಗ್ಗೆ ಗಂಗಾಸ್ನಾನ, ಮಧ್ಯಾಹ್ನ ಭವಾನಿಯಮ್ಮನಿಗೆ ಕ್ರೋಶಾ ಪಾಠ ಎಂದು ತೀರ್ಮಾನಿಸಿದರು.

ಗಂಡಹೆಂಡಿರು ಹೊರಟಾಗ ಗಲ್ಲಿಯ ಜನ ಎರಡೂ ಬದಿಗೆ ನಿಂತಿತ್ತು. ಬೋಳುತಲೆಯ ಪ್ರಾಧ್ಯಾಪಕರು ಹಿಮಾಲಯಕ್ಕೆ ಹೋಗುತ್ತಿದ್ದಾರೆಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹೆಂಡತಿಯನ್ನೂ ಕರೆದೊಯ್ಯುತ್ತಿರುವುದು ಮಾತ್ರ ಹೊಸದು. “ವಾನಪ್ರಸ್ಥ,” ಎಂದು ಭವಾನಿಯಮ್ಮ ಮಾನ ಉಳಿಸಿಕೊಂಡು ವಿವರಿಸಿದರು. ಹಾವೇರಿಯ ಯಾತ್ರಿಕರು ಮಾಲೆ ಹಾಕಿದರು. ಕಂಬಳಿ, ಕ್ರೋಶಾ, ಹವಾಮಾನ ಎಂದು ಚಿದಾನಂದರು ಹೇಳಿದ್ದನ್ನೆಲ್ಲ ಅವರು ಗೂಢಾರ್ಥದ ಮಾತೆಂದು ಭಕ್ತಿಯಿಂದ ಕೇಳಿಸಿಕೊಂಡರು.

ರೈಲಿನ ಎ.ಸಿ. ಡಬ್ಬಿಯಲ್ಲಿ ಚಳಿ ವಿಪರೀತ. ಪಟ್ಟಿಗಳನ್ನು ಇನ್ನೂ ಜೋಡಿಸಿರಲಿಲ್ಲ. ವಸುಮತಿಯವರು ಬೆಟ್ಟವನ್ನು ಹೊದ್ದುಕೊಂಡರು, ಚಿದಾನಂದರು ಬೇರೆ ದಾರಿ ಕಾಣದೆ ಕಾಶಿಯನ್ನು ಹೊದ್ದುಕೊಂಡರು. ಎದುರಿನ ಸೀಟಿನ ಮುದುಕಿ ಆ ಕಾವಿಯನ್ನೂ ಬೋಳುತಲೆಯನ್ನೂ ನೋಡಿದ್ದೇ ಎದ್ದುಬಂದು ಕಾಲು ಮುಟ್ಟಿದಳು. ಆಮೇಲೆ ವಸುಮತಿಯವರ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

“ಬಾಬಾ ನೇ ಘರ್ ಕಬ್ ಛೋಡಾ, ಬೇಟೀ?”

ಬಾಬಾ ಮನೆ ಬಿಟ್ಟದ್ದು ಯಾವಾಗ ಎಂಬ ಪ್ರಶ್ನೆಗೆ ವಸುಮತಿಯವರು ಗಂಡನನ್ನೊಮ್ಮೆ ನೋಡಿದರು. ಚಿದಾನಂದರು ತುಟಿ ಅಲ್ಲಾಡಿಸುತ್ತ ಹೊಸ ಸಾಲಿನ ಕುಣಿಕೆ ಎಣಿಸುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು.

“ಛೋಡಾ ನಹೀಂ, ಮಾತಾಜೀ,” ಎಂದರು. “ಅಭೀ ಅಭೀ ಪಕಡಾ ಹೈ.”

ಬಿಟ್ಟಿಲ್ಲ, ಈಗಷ್ಟೇ ಹಿಡಿದಿದ್ದಾರೆ ಎಂದರೇನೆಂದು ಮುದುಕಿಗೆ ತಿಳಿಯಲಿಲ್ಲ. ದೊಡ್ಡವರ ಮಾತು ಹಾಗೇ ಇರುತ್ತದೆ ಎಂದುಕೊಂಡು, ಬುಟ್ಟಿಯಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ಬಾಬಾನ ಮಡಿಲಿಗಿಟ್ಟಳು. ಎಣಿಕೆ ತಪ್ಪಿತು. ಬಾಬಾ ಒಂದು ಉಸಿರು ಬಿಟ್ಟು, ಸಾಲನ್ನು ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡಿದರು.